ಮಗ್ಗದ ಕುಣಿಗೆ ನೀರು ಬಂದ ವರ್ಷ

ಬ್ಲೀಚಿಂಗ್ ಪೌಡರಿನ ವಾಸನೆ ಕೆಲವರಿಗೆ ಆಸ್ಪತ್ರೆಯನ್ನು ನೆನಪಿಸುತ್ತದೆ, ಕೆಲವರಿಗೆ ನಳದ ನೀರನ್ನು. ನನಗೆ ಬೆಟಗೇರಿಯ ನಮ್ಮ ಮನೆಯ ಮಗ್ಗದ ಕೋಣೆ ನೆನಪಾಗುತ್ತದೆ.

ನಾನು ಈಗ ಮುಂಡರಗಿಯಲ್ಲಿದ್ದೇನೆ. ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಹೋದ ತಿಂಗಳು ಹೊಳೆ ಏರಿ ಹಮ್ಮಿಗಿ ಕಡೆಯ ಹೊಲಗಳಲ್ಲಿ ನೀರು ನಿಂತಿತ್ತು. ನೀರು ಇಳಿಯುತ್ತಿದ್ದಂತೆ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಶಾಲೆಗಳನ್ನು ಸುತ್ತುತ್ತ ನಮ್ಮಲ್ಲಿಗೂ ಬಂದಳು. ಅಡುಗೆಮನೆಯ ಮೋರಿಗೆ, ಅಕ್ಕಿ ಚೀಲದ ಕೋಣೆಯ ಹೊಸ್ತಿಲಿಗೆ ಪುಡಿ ಹಾಕಿಸಿ, ಕೈಯಲ್ಲಿದ್ದ ಹಾಳೆ ನೋಡುತ್ತ ಕೇಳಿದಳು:

"ಅಮ್ಮಾರ, ಇಲ್ಲಿ ಇಲಿ ಅದಾವೇನ್ರಿ?"

"ಅದಾವು" ಎಂದೆ. ಯಾವ ಮೂಲೆಯಿಂದ ಬರುತ್ತವೆ, ಹಿಂದಿನ ಗೋಡೆಯಲ್ಲಿ ಬಿಲ ಎಲ್ಲಿದೆ, ಕೈತೊಳೆಯುವ ನೀರು ಎಲ್ಲಿ ನಿಲ್ಲುತ್ತದೆ ಎಂದು ಅವಳು ಕೇಳದಿದ್ದರೂ ತೋರಿಸಿದೆ. ಜತೆಗೆ ಅಡುಗೆ ಮಾಡುವವಳು ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಆ ಹುಡುಗಿ ಹೋದ ಮೇಲೆ, "ಅಕಿ ಬರಕೊಂಡು ಹೋದ್ರ ನಾಳೆ ನಮ್ಮ ಮ್ಯಾಲೆ ಬರ್ತೈತಿ. ನೀ ಒಬ್ಬಾಕಿ ಹರಿಶ್ಚಂದ್ರನ ಮಗಳು!" ಎಂದು ಬೈದಳು. ಬರಕೊಂಡು ಹೋಗಲಿ ಎಂದೆ.

ಬಹಳ ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರು. ಆಗ ನಾನು ಬೇರೆ ಉತ್ತರ ಕೊಟ್ಟಿದ್ದೆ. ಆ ಮಳೆಗಾಲದಲ್ಲಿ ನನ್ನ ತಮ್ಮ ಪರಶುರಾಮ ತೀರಿಕೊಂಡ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಕಾಳು ಕಟ್ಟಿ ತಂದ ಹಳೆಯ ಪತ್ರಿಕೆಗಳನ್ನು ಓದುತ್ತ ಅಕ್ಷರ ಉಳಿಸಿಕೊಂಡಿದ್ದೇನೆ. ಬರೆದು ಅಭ್ಯಾಸವಿಲ್ಲ. ಆದರೆ ಈ ಸಂಗತಿಯನ್ನು ಬಾಯಿಬಿಟ್ಟು ಯಾರಿಗೂ ಹೇಳಲಾಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗದಗ ಆಗ ಹೊಸ ಜಿಲ್ಲೆ. ಬಾಡಿಗೆ ಮನೆಗಳ ಮುಂದೆ ಇಲಾಖೆಗಳ ಬೋರ್ಡುಗಳು ಏಳುತ್ತಿದ್ದವು. ಯಾವ ಆಫೀಸು ಎಲ್ಲಿದೆ ಎಂದು ತಿಳಿಯದೆ ಶಿರಹಟ್ಟಿ, ಮುಂಡರಗಿ ಕಡೆಯ ಜನ ಕಾಗದ ಹಿಡಿದು ಬೆಟಗೇರಿಯ ಓಣಿಗಳಲ್ಲೂ ವಿಚಾರಿಸುತ್ತ ಅಲೆಯುತ್ತಿದ್ದರು. ಪಕ್ಕದ ಮನೆಯ ಕಾಸೀಮಣ್ಣನ ಆಟೋಕ್ಕೆ ಅದರಿಂದ ಬಿಡುವಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಆರು ವರ್ಷವಾಗಿತ್ತು. ಅಪ್ಪ ಅವ್ವ ಇರಲಿಲ್ಲ. ಮನೆಯಲ್ಲಿ ನಾನು, ನನಗಿಂತ ಎಂಟು ವರ್ಷ ಚಿಕ್ಕವನಾದ ಪರಶುರಾಮ ಮತ್ತು ಒಂದು ಕುಣಿಮಗ್ಗ.

ಕುಣಿಮಗ್ಗ ನೋಡದವರಿಗೆ ಹೇಳಬೇಕು. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಕಾರ ಅದರ ಅಂಚಿಗೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ತಳದಲ್ಲಿರುವ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಓಡಿಸುತ್ತಾನೆ. ದಿನದಲ್ಲಿ ಹತ್ತು ತಾಸು ಅವನ ಕಾಲುಗಳು ನೆಲದ ಕೆಳಗಿರುತ್ತವೆ. ಚಪ್ಪಲಿ ಹಾಕುವಂತಿಲ್ಲ. ಯಾವ ಹಲಗೆ ಎಷ್ಟು ಇಳಿಯಿತು ಎಂಬುದು ಪಾದಕ್ಕೆ ತಿಳಿಯಬೇಕು. ಪರಶುರಾಮ ನೇಯುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು ಅವನ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ನನಗೂ ನೇಯಲು ಬರುತ್ತಿತ್ತು, ಅಪ್ಪನೇ ಕಲಿಸಿದ್ದ.

ಅದಕ್ಕೂ ಹಿಂದಿನ ಎರಡು ವರ್ಷ ಮಳೆ ಸರಿಯಾಗಿ ಆಗಿರಲಿಲ್ಲ. ನಮ್ಮ ಓಣಿಯ ಹಿಂದೆಯೇ ಎರೆಹೊಲ. ಬೇಸಿಗೆಯಲ್ಲಿ ಅದು ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತಿತ್ತು. ಆ ಬಿರುಕುಗಳೇ ಇಲಿಗಳ ಊರು. ಮೂರನೆಯ ವರ್ಷ ಮುಂಗಾರು ಹದವಾಗಿ ಬಿತ್ತು. ಸೊರಟೂರ ಕಡೆಯಿಂದ ಬಂದವರು ಹೆಸರಿನ ಬೆಳೆ ಹೀಗೆ ಬಂದದ್ದನ್ನು ಕಂಡಿಲ್ಲ ಎನ್ನುತ್ತಿದ್ದರು. ಹೊಲದಲ್ಲಿ ಕಾಳು ಹೆಚ್ಚಾದಂತೆ ಅದನ್ನು ತಿನ್ನುವವೂ ಹೆಚ್ಚಾದವು. ಹೆಸರು ಬಿಡಿಸುವ ಹೊತ್ತಿಗೆ ಮಳೆ ಬಿಡುವು ಕೊಡಬೇಕಿತ್ತು, ಕೊಡಲಿಲ್ಲ. ಶ್ರಾವಣ ಮುಗಿದರೂ ಜಡಿ ಹಿಡಿದೇ ಇತ್ತು. ಎರೆಮಣ್ಣು ನೀರು ಕುಡಿದು ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಂಡವು. ಒಳಗಿದ್ದ ಇಲಿಗಳು ಹೊರಗೆ ಬಂದು, ಎತ್ತರದ, ಬೆಚ್ಚಗಿನ, ಕಾಳು ಇರುವ ಜಾಗ ಹುಡುಕಿದವು. ಅವು ನಮ್ಮ ಮನೆಗಳು.

ಇದೆಲ್ಲ ಒಂದಕ್ಕೊಂದು ಹೊಂದಿಕೊಂಡು ಬಂದದ್ದು ಎಂದು ನನಗೆ ಆಗ ತಿಳಿದಿರಲಿಲ್ಲ. ಮಳೆ ಎಂದರೆ ಮಳೆ, ಇಲಿ ಎಂದರೆ ಇಲಿ. ಕಾಸೀಮಣ್ಣ ಮಾತ್ರ ಆಟೋದ ಸೀಟು ಹರಿದದ್ದನ್ನು ತೋರಿಸಿ ನಗುತ್ತಿದ್ದ.

"ಗದಗ ಜಿಲ್ಲಾ ಆತಲ್ಲ ಕಮಲವ್ವಾ, ಎಲ್ಲಾ ಹಳ್ಳಿ ಇಲಿಗೋಳೂ ಇಲ್ಲೇ ಬಂದಾವ. ಇನ್ನ ಅವಕ್ಕೂ ಒಂದು ಆಫೀಸ್, ಒಂದು ಬೋರ್ಡು."

"ಆಫೀಸಿಗೆ ನಿನ್ನ ಆಟೋದಾಗ ಹೊಕ್ಕಾವೇನ?"

"ಹೊಕ್ಕಾವ, ಹೊಕ್ಕಾವ. ಬಾಡಿಗಿ ಕೊಡಂಗಿಲ್ಲ ಹಲ್ಕಟ್‌ಗೋಳು, ಸೀಟು ತಿಂತಾವ!"

ಭಾದ್ರಪದ ಹುಟ್ಟುವ ಹೊತ್ತಿಗೆ ನಮ್ಮ ಮಗ್ಗದ ಕುಣಿಯಲ್ಲಿ ನೀರು ಒಸರತೊಡಗಿತು. ಅಜ್ಜನ ಕಾಲದಿಂದ ಆ ಕುಣಿ ಒಣಗಿಯೇ ಇತ್ತು. ಪರಶುರಾಮ ದಿನಾ ಬೆಳಿಗ್ಗೆ ಬೋಗುಣಿಯಿಂದ ನೀರು ಎತ್ತಿ ಹಾಕಿ, ಮರಳು ಸುರಿದು, ಮೇಲೆ ಗೋಣಿಚೀಲ ಹಾಸಿ ಕೆಲಸಕ್ಕೆ ಕೂರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಚೀಲ ನೆನೆದು ಪಾದ ಮುಳುಗುತ್ತಿತ್ತು. ಅವನ ಹಿಮ್ಮಡಿಗಳು ಮೊದಲೇ ಒಡೆದಿದ್ದವು. ಮಗ್ಗದ ಮೇಲೆ ಶಿರಹಟ್ಟಿಯ ವ್ಯಾಪಾರಿಯೊಬ್ಬರು ದಸರೆಗೆಂದು ಹೇಳಿಟ್ಟ ಸೀರೆ ಇತ್ತು. ಅರ್ಧಕ್ಕೆ ನಿಲ್ಲಿಸುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ.

ಒಂದು ಬೆಳಿಗ್ಗೆ ಕುಣಿಯ ಗೋಡೆಯಲ್ಲಿ, ನೀರಿನಿಂದ ಗೇಣು ಮೇಲೆ, ಮುಷ್ಟಿ ಹಿಡಿಸುವಷ್ಟು ತೂತು ಕಂಡಿತು. ಇಲಿಗಳು ಹಿಂದಿನ ಹೊಲದಿಂದ ಕೊರೆದುಕೊಂಡು ಬಂದಿದ್ದವು. ಪರಶುರಾಮ ಅವತ್ತೇ ಕಾಸೀಮಣ್ಣನ ಮನೆಯಿಂದ ಒಂದು ಬುಟ್ಟಿ ಸಿಮೆಂಟು ತಂದ.

"ಅಕ್ಕಾ, ಈ ತೂತು ಮುಚ್ಚಿಬಿಡ್ತೇನಿ."

"ಹುಚ್ಚಾ, ನಾಲ್ಕು ದಿನಕ್ಕ ಅದರ ವಾರ ಐತಿ. ಹಾಸು ಇಳದ ಮ್ಯಾಲೆ ಮುಚ್ಚು."

ಗಣೇಶ ಚೌತಿಯ ಮರುದಿನ ನಮ್ಮ ಕಡೆ ಇಲಿವಾರ. ಅಂದು ನಮ್ಮ ಓಣಿಯಲ್ಲಿ ಮಗ್ಗ ಸಪ್ಪಳ ಮಾಡುವುದಿಲ್ಲ, ಯಾರೂ ಕತ್ತರಿ ಮುಟ್ಟುವುದಿಲ್ಲ. ಗಣಪ್ಪನ ಇಲಿಗೆ ಎಡೆ ಇಟ್ಟು, ವರ್ಷವಿಡೀ ನಮ್ಮ ನೂಲು ಕಡಿಯಬೇಡಪ್ಪಾ ಎಂದು ಬೇಡಿಕೊಳ್ಳುತ್ತೇವೆ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಅದಕ್ಕೆ ಗಂಜಿ ಹಚ್ಚಿರುವುದರಿಂದ ಇಲಿಗೆ ಅದು ಊಟವೇ. ಒಂದು ಸಲ ಬಾಯಿ ಹಾಕಿದರೆ ಎಳೆ ಎಳೆ ಕೂಡಿಸುತ್ತ ದಿನಗಟ್ಟಲೆ ಕೂರಬೇಕು. ನಮ್ಮವ್ವ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದಳು. ಚೌತಿ ಹೊತ್ತಿಗೆ ಮಗ್ಗದ ಮೇಲೆ ಹಾಸು ಇದ್ದರೆ, ಅದು ನೇಯ್ದು ಇಳಿಯುವ ತನಕ ಬಿಲ ಮುಚ್ಚಬಾರದು. ದಾರಿ ಕಟ್ಟಿದವರ ಮೇಲೆ ಅದು ಹಗೆ ಸಾಧಿಸುತ್ತದೆ.

"ಹಾಸು ಇಳಿಯೂದ್ರಾಗ ಅವು ಮರಿ ಹಾಕಿ, ಆ ಮರಿಗೋಳೂ ಮರಿ ಹಾಕ್ತಾವು" ಎಂದ ಪರಶುರಾಮ.

"ಹಾಕ್ಲಿ ಬಿಡು. ನಿನ್ನ ಗಂಟೇನು ಹೋಗ್ತೈತಿ?"

"ನನ್ನ ಕಾಲಾಗ ಓಡಾಡ್ತಾವಬೇ. ನಿನಗೇನು, ನೀ ಮ್ಯಾಲೆ ಕುಂತೀ."

ಆದರೂ ಅವನು ಸಿಮೆಂಟನ್ನು ಕಾಸೀಮಣ್ಣನಿಗೆ ತಿರುಗಿ ಕೊಟ್ಟು ಬಂದ. ನಾನು ಅಷ್ಟಕ್ಕೇ ಬಿಡಲಿಲ್ಲ. ಹೊಟ್ಟೆ ತುಂಬಿದ್ದರೆ ನೂಲಿನ ಗೊಡವೆಗೆ ಬರುವುದಿಲ್ಲ ಎಂದು ದಿನಾ ಸಂಜೆ ಆ ತೂತಿನ ಬಾಯಿಗೆ ಒಂದು ಹಿಡಿ ಹೆಸರುಕಾಳು, ಚೂರು ಬೆಲ್ಲ ಇಡತೊಡಗಿದೆ. ಬೆಳಿಗ್ಗೆ ಒಂದು ಕಾಳೂ ಉಳಿಯುತ್ತಿರಲಿಲ್ಲ. ಹಾಸಿನ ಒಂದು ಎಳೆಯೂ ಹರಿದಿರಲಿಲ್ಲ. ನನ್ನ ಉಪಾಯವನ್ನು ನಾನೇ ಮೆಚ್ಚಿಕೊಂಡೆ.

"ನನಗ ಒಣ ರೊಟ್ಟಿ, ಅವಕ್ಕ ಬೆಲ್ಲ" ಎಂದು ಪರಶುರಾಮ ಕಾಡಿಸುತ್ತಿದ್ದ. "ಒಂದು ಕನ್ಯಾ ನೋಡಿ ಅವಕ್ಕ ಲಗ್ನಾನೂ ಮಾಡು. ನನಗಂತೂ ನೋಡವಲ್ಲಿ."

ಇಲಿಯಿಂದ ರೋಗ ಬರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಅಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದಳು. ಅದನ್ನು ಅವಳೂ ತನ್ನ ಅವ್ವನಿಂದ ಕೇಳಿದ್ದು. ಮನೆಯಲ್ಲಿ ಇಲಿ ಸತ್ತು ಬಿತ್ತು ಎಂದರೆ ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಜನ ಹೊಲಗಳಿಗೆ ಓಡಿ ಗುಡಿಸಲು ಹಾಕುತ್ತಿದ್ದರಂತೆ. ಅದರಿಂದ ನಾವು ಕಲಿತದ್ದು ಒಂದೇ ಪಾಠ: ಸತ್ತ ಇಲಿಗೆ ಹೆದರಬೇಕು. ಆ ಮಳೆಗಾಲದಲ್ಲಿ ನಾನು ಮೂಲೆ ಮೂಲೆ ನೋಡುತ್ತಿದ್ದೆ. ಒಂದು ಇಲಿಯೂ ಸತ್ತು ಬಿದ್ದಿರಲಿಲ್ಲ. ಎಲ್ಲವೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು. ಮನೆಗೆ ಕೆಡುಕಿಲ್ಲ ಎಂದುಕೊಂಡೆ. ಬದುಕಿರುವ, ಏನೂ ಆಗದಿರುವ ಇಲಿ ತನ್ನ ಉಚ್ಚೆಯಲ್ಲಿ ರೋಗ ಬಿಟ್ಟು ಹೋಗುತ್ತದೆ, ಅದು ನೀರಿಗೆ ಸೇರಿ ಒಡೆದ ಕಾಲಿನಿಂದ ಮೈಯೊಳಗೆ ಇಳಿಯುತ್ತದೆ ಎಂದು ಅಜ್ಜಿ ಹೇಳಿರಲಿಲ್ಲ.

ಇಲಿವಾರ ಕಳೆದು ಒಂಬತ್ತನೆಯ ದಿನ ಪರಶುರಾಮನಿಗೆ ಜ್ವರ ಬಂತು. ತಲೆನೋವು, ಚಳಿ. ಎಲ್ಲಕ್ಕಿಂತ ಹೆಚ್ಚಾಗಿ ಮೀನಖಂಡ ನೋಯುತ್ತಿದೆ ಎನ್ನುತ್ತಿದ್ದ. ಹಲಗೆ ತುಳಿಯುವವರಿಗೆ ಮೀನಖಂಡ ನೋಯುವುದು ಹೊಸದಲ್ಲ. ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಿದ್ದ. ಕಣ್ಣು ಕೆಂಪಾಗಿದ್ದವು. ಮೋಡದ ಮಬ್ಬಿನಲ್ಲಿ ನೇಯ್ದದ್ದಕ್ಕೆ ಹಾಗಾಗಿದೆ ಎಂದೆ. ಎರಡು ದಿನ ಹೀಗೆ ಹೋದವು.

ಮೂರನೆಯ ದಿನ ಹತ್ತಿರದ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಾದವರು, ಓಣಿಯವರೆಲ್ಲ ಅವರಲ್ಲಿಗೇ ಹೋಗುತ್ತಿದ್ದೆವು. ಅವರು ಪರಶುರಾಮನ ಕಣ್ಣು ನೋಡಿದರು, ಮೀನಖಂಡ ಒತ್ತಿದರು. ಅವನು ಚೀರಿದ. ಡಾಕ್ಟರು ನನ್ನ ಕಡೆ ತಿರುಗಿದರು.

"ನೀರಾಗ ನಿಂತು ಕೆಲಸ ಮಾಡ್ತಾನೇನು?"

"ಇಲ್ರಿ. ಮನ್ಯಾಗ ಕುಂತು ನೇಯ್ತಾನ್ರಿ."

"ಮನ್ಯಾಗ ಇಲಿ ಅದಾವೇನು? ಈ ಸರ್ತಿ ಮಳಿಗೆ ಎಲ್ಲಾ ಕಡೆ ಭಾಳ ಆಗ್ಯಾವು."

"ಇಲ್ರಿ. ಒಂದೂ ಇಲ್ರಿ."

"ಖರೆ ಹೇಳವ್ವಾ. ಔಷಧ ಅದರ ಮ್ಯಾಲೆ ಐತಿ."

"ಖರೇನ ರಿ."

ಪರಶುರಾಮ ಬೆಂಚಿನ ಮೇಲೆ ಮಲಗಿದ್ದ. ಕಣ್ಣು ತೆರೆದು ನನ್ನನ್ನು ನೋಡಿದ. ಹೊರಗಿನವರೆದುರು ಅಕ್ಕನ ಮಾತು ತೆಗೆದುಹಾಕುವ ಅಭ್ಯಾಸ ಅವನಿಗೆ ಇರಲಿಲ್ಲ. ಮತ್ತೆ ಕಣ್ಣು ಮುಚ್ಚಿದ. ಡಾಕ್ಟರು ಜ್ವರದ ಗುಳಿಗೆ ಬರೆದುಕೊಟ್ಟು, ಎರಡು ದಿನದಲ್ಲಿ ಇಳಿಯದಿದ್ದರೆ ಗದಗಿನ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಅವರದೇನೂ ತಪ್ಪಿಲ್ಲ. ಕೇಳಬೇಕಾದದ್ದನ್ನು ಕೇಳಿದ್ದರು.

ನಾನು ಯಾಕೆ ಇಲ್ಲ ಎಂದೆ ಎಂಬುದನ್ನು ಹಲವು ಸಲ ಯೋಚಿಸಿದ್ದೇನೆ. ಇಲಿಯಿಂದ ಬಂದ ಜ್ವರ ಎಂದು ಹೊರಬಿದ್ದರೆ ಓಣಿಯವರು ನಮ್ಮ ಬಾಗಿಲಿಗೆ ಬರುವುದನ್ನು ಬಿಡುತ್ತಾರೆ, ನಗರಸಭೆಯವರು ಬಂದು ಕುಣಿಗೆ ಮಣ್ಣು ತುಂಬುತ್ತಾರೆ, ಸೀರೆ ಅರ್ಧಕ್ಕೆ ಉಳಿಯುತ್ತದೆ ಎಂಬ ಅಂಜಿಕೆ ಇತ್ತು. ಆದರೆ ಅದು ಎರಡನೆಯ ಕಾರಣ. ಮೊದಲನೆಯದು ಬೇರೆ. ಇಲಿ ಅದಾವು ಎಂದರೆ ಬಿಲ ಯಾಕೆ ಮುಚ್ಚಲಿಲ್ಲ ಎಂದು ಕೇಳುತ್ತಿದ್ದರು. ಮುಚ್ಚಲು ಹೋದವನ ಕೈ ಹಿಡಿದವಳು ನಾನು. ಕಾಳು ಬೆಲ್ಲ ಇಟ್ಟು ಸಾಕಿದವಳೂ ನಾನು. ಅದನ್ನು ತಮ್ಮನ ಎದುರಿಗೆ, ಡಾಕ್ಟರ ಎದುರಿಗೆ ಒಪ್ಪಿಕೊಳ್ಳುವುದು ಆಗಲಿಲ್ಲ.

ಜ್ವರ ಇಳಿಯಲಿಲ್ಲ. ಐದನೆಯ ದಿನ ಸ್ವಲ್ಪ ಎದ್ದು ಕುಳಿತ, ಗಂಜಿ ಕುಡಿದ. ನಾನು ಗೆದ್ದೆ ಎಂದುಕೊಂಡೆ. ಆರನೆಯ ದಿನ ಕಣ್ಣು ಹಳದಿಯಾದವು, ಬೆಳಗಿನಿಂದ ಮೂತ್ರ ಕಟ್ಟಿತು. ಕಾಸೀಮಣ್ಣ ಆಟೋದಲ್ಲಿ ಗದಗಿನ ಆಸ್ಪತ್ರೆಗೆ ಒಯ್ದ. ನಾನೂ ಹೋಗಿದ್ದೆ. ಅಲ್ಲಿಯವರು ನೋಡಿ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದು ಗಾಡಿ ಮಾಡಿಕೊಟ್ಟರು. ಆ ಗಾಡಿ ಬೆಟಗೇರಿಯ ಮನೆಯ ಮುಂದೆ ಬಟ್ಟೆ ಬರೆ ತೆಗೆದುಕೊಳ್ಳಲು ಐದು ನಿಮಿಷ ನಿಂತಿತು.

"ಹತ್ತು ಕಮಲವ್ವಾ, ಜಲ್ದಿ" ಎಂದ ಕಾಸೀಮಣ್ಣ.

"ನೀ ಮುಂದ ನಡಿ ಅಣ್ಣಾ. ಸೆರಗೊಂದ ಉಳದೈತಿ. ಅದನ್ನ ಮುಗಿಸಿ ನಾಡಿದ್ದ ಬರ್ತೇನಿ."

"ಸೆರಗ? ಏನ್ ಮಾತಾಡ್ತೀಬೇ? ಅವನ ಮಾರಿ ನೋಡಿಯೇನು?"

"ನಾ ಬಂದು ಏನ್ ಮಾಡ್ಲಿ? ನನಗ ಓದಾಕ ಬರತೈತೋ, ಇಂಗ್ಲಿಷ್ ಬರತೈತೋ. ನೀ ಅದೀಯಲ್ಲ."

ಕಾಸೀಮಣ್ಣ ನನ್ನ ಕೈಯಲ್ಲಿದ್ದ ಬಟ್ಟೆಯ ಗಂಟು ತೆಗೆದುಕೊಂಡು ಗಾಡಿ ಹತ್ತಿದ. ಒಳಗಿನಿಂದ ಪರಶುರಾಮ ಕರೆದ. ನಾನು ಕಿಟಕಿಗೆ ಮುಖ ಕೊಟ್ಟೆ.

"ಅಕ್ಕಾ, ಹಾಸಿನ ಮ್ಯಾಲೆ ಚಾದರ ಹೊಚ್ಚು. ಕಡದಾವು."

ಅವನು ನನ್ನೊಡನೆ ಆಡಿದ ಕೊನೆಯ ಮಾತು ಇದು. ಅದರಲ್ಲಿ ಸಿಟ್ಟು ಇರಲಿಲ್ಲ. ಕೆಲಸದ ಮಾತು.

ನಾನು ನೇಯ್ದೆ. ಅಂದಿನ ಸಂಜೆಯ ತನಕ, ಮರುದಿನ ಪೂರ್ತಿ, ಅದರ ಮರುದಿನ ಮಧ್ಯಾಹ್ನದ ತನಕ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸೆರಗು ಮುಗಿದು, ಸೀರೆ ಕೊಯ್ದು, ಮಡಚುತ್ತಿದ್ದಾಗ ಕಾಸೀಮಣ್ಣ ಬಂದ. ಬಾಗಿಲಲ್ಲೇ ನಿಂತ.

"ಹುಬ್ಬಳ್ಳಿ ಡಾಕ್ಟರ್ ನನ್ನ ಕೇಳಿದ್ರು, ಮನ್ಯಾಗ ಇಲಿ ಅದಾವೇನಂತ. ಅದಾವ್ರಿ, ಕುಣಿಯಾಗ ನೀರೂ ಐತ್ರಿ ಅಂದೆ. ಇದನ್ನ ಯಾರೂ ಮೊದಲ ಹೇಳಲಿಲ್ಲೇನು ಅಂದ್ರು. ಅವತ್ತಿಂದ ಔಷಧ ಬದಲಿ ಮಾಡ್ಯಾರ. ಮೂತ್ರಪಿಂಡ ಎರಡೂ ನಿಂತಾವಂತ. ನಡಿ ಈಗಾದ್ರೂ."

ಅವನೊಡನೆ ಹುಬ್ಬಳ್ಳಿ ಮುಟ್ಟಿದಾಗ ಪರಶುರಾಮನಿಗೆ ಎಚ್ಚರವಿರಲಿಲ್ಲ. ಮರುದಿನ ಹತ್ತು ಗಂಟೆಗೆ ತೀರಿಕೊಂಡ. ಅವನಿಗೆ ಇಪ್ಪತ್ತೇಳು ವರ್ಷ. ಸೀರೆಯನ್ನು ಹೇಳಿದ ದಿನಕ್ಕೆ ಶಿರಹಟ್ಟಿಗೆ ಮುಟ್ಟಿಸಿದೆ. ಕೆಲಸ ಚೊಲೊ ಆಗೇತಿ ಎಂದರಂತೆ.

ಮಣ್ಣು ಮಾಡಿದ ಮೂರನೆಯ ದಿನಕ್ಕೆ ಆರೋಗ್ಯ ಇಲಾಖೆಯವರು ಓಣಿಗೆ ಬಂದರು. ಎಲ್ಲರ ಮನೆಯ ಕುಣಿಗಳನ್ನು ನೋಡಿದರು. ನೀರು ಎತ್ತಿಸಿದರು, ಬಿಲ ಮುಚ್ಚಿಸಿದರು, ಬಿಳಿ ಪುಡಿ ಸುರಿದರು. ಮನೆಯೆಲ್ಲ ಆ ವಾಸನೆ ತುಂಬಿತು. ಯಾರಿಗೆ ಜ್ವರ ಬಂದರೂ ಮುಚ್ಚಿಡಬೇಡಿರಿ ಎಂದು ಮನೆ ಮನೆಗೆ ಹೇಳಿದರು. ಓಣಿಯಲ್ಲಿ ಇನ್ನಿಬ್ಬರಿಗೆ ಜ್ವರ ಇತ್ತು. ಸಮಯಕ್ಕೆ ಗುಳಿಗೆ ಸಿಕ್ಕು ಇಬ್ಬರೂ ಎದ್ದರು. ಗುಳಿಗೆ ಅಷ್ಟೇನೂ ದೊಡ್ಡದಿರಲಿಲ್ಲ. ನಾನು ನೋಡಿದ್ದೇನೆ.

ನಮ್ಮ ಮಗ್ಗದ ಕೋಣೆಗೆ ಬಂದವಳು ಒಬ್ಬ ನರ್ಸಮ್ಮ. ಗೂಟಕ್ಕೆ ಸಿಕ್ಕಿಸಿದ್ದ ಎರಡು ಪ್ಲಾಸ್ಟಿಕ್ ಚೀಲಗಳನ್ನು ಅವಳು ನೋಡಿದಳು. ಗೊಬ್ಬರದ ಚೀಲದೊಳಗಿರುವ ದಪ್ಪ ಪ್ಲಾಸ್ಟಿಕ್ಕು, ಬಾಯಿಗೆ ನೂಲಿನ ಹುರಿ. ತಳಕ್ಕೆ ಕೆಸರು ಒಣಗಿತ್ತು.

"ಇವ್ಯಾಕವ್ವಾ?"

"ಕಾಲಿಗೆ ಕಟ್ಕೊಂಡಿದ್ದೆ ರಿ. ಥಂಡಿ ಹತ್ತತಿತ್ತು."

ಅವಳು ಚೀಲಗಳನ್ನು ಹಾಗೇ ಬಿಟ್ಟಳು. ಅಂಗಳಕ್ಕೆ ಹೋಗಿ ಕಾಸೀಮಣ್ಣನಿಗೆ ಹೇಳುವುದು ಒಳಗೆ ಕೇಳಿಸಿತು. "ಆ ಅಕ್ಕನ್ನ ಏನೂ ಅನಬ್ಯಾಡ್ರಿ. ಸಾಲಿ ಕಲಿತಿಲ್ಲ, ಇಲಿಯಿಂದ ಜ್ವರ ಬರ್ತೈತಂತ ಪಾಪ ಹ್ಯಾಂಗ ತಿಳಿಬೇಕು?"

"ಹೌದ್ರಿ. ತಿಳಿಲಾರದ ಆತು" ಎಂದ ಕಾಸೀಮಣ್ಣ.

ಆ ಮಾತು ಓಣಿಯಲ್ಲಿ ನಿಂತಿತು. ಲಕ್ಷ್ಮೇಶ್ವರದಿಂದ ಬಂದ ಗಂಡನ ಮನೆಯವರೂ ಅದನ್ನೇ ಹೇಳಿದರು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಎರಡು ವರ್ಷ ಬಿಟ್ಟು ಮಗ್ಗ ಕೊಟ್ಟು ಮುಂಡರಗಿಗೆ ಬಂದೆ. ಇಲ್ಲಿ ಯಾರಾದರೂ ಕೇಳಿದರೆ ನಾನೂ ಹಾಗೆಯೇ ಹೇಳುತ್ತ ಬಂದೆ: ನಮಗೆ ತಿಳಿಯಲಿಲ್ಲ.

ತಮ್ಮ ಆ ಕುಣಿಯಲ್ಲಿ ಇಳಿದು ನೇಯುವಾಗ ನನಗೆ ತಿಳಿದಿರಲಿಲ್ಲ, ಅದು ಖರೆ. ಆದರೆ ಮೂರನೆಯ ದಿನ ಡಾಕ್ಟರು ನೀರು ಐತೇನು, ಇಲಿ ಅದಾವೇನು ಎಂದು ಎರಡು ಪ್ರಶ್ನೆ ಕೇಳಿದರಲ್ಲ, ಆಗ ತಿಳಿಯಿತು. ಕೇಳಿದ ಪ್ರಶ್ನೆಯಿಂದಲೇ ತಿಳಿಯಿತು. ಅದಕ್ಕೆ ಓದು ಬೇಕಾಗಿರಲಿಲ್ಲ. ಪರಶುರಾಮನನ್ನು ಹೊತ್ತ ಗಾಡಿ ಓಣಿಯ ತಿರುವು ದಾಟಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ಚೀಲಗಳನ್ನು ಹುಡುಕಿದ್ದು. ಮೊಣಕಾಲ ತನಕ ಏರಿಸಿ, ಹುರಿ ಬಿಗಿದು, ನೀರು ಒಳಗೆ ಬರುವುದಿಲ್ಲ ಎಂದು ಎರಡು ಸಲ ನೋಡಿಕೊಂಡು ಕುಣಿಗೆ ಇಳಿದೆ. ಹಲಗೆಯ ಹದ ಪಾದಕ್ಕೆ ಸಿಗುತ್ತಿರಲಿಲ್ಲ, ಆದರೂ ಬಿಚ್ಚಲಿಲ್ಲ. ಅಂದು ಥಂಡಿ ಇರಲಿಲ್ಲ. ನನಗೆ ತಿಳಿದಿತ್ತು. ತಿಳಿದದ್ದನ್ನು ನನ್ನ ಕಾಲಿಗಷ್ಟೇ ಬಳಸಿಕೊಂಡೆ.